ಒಂದು ಕಂಪ್ಯೂಟರ್, ಎರಡು ಕಾಯಿಲೆ

ಹೊಸ ಗೇಮಿಂಗ್ ಕಂಪ್ಯೂಟರ್ ಎತ್ತಿಕೊಂಡು ನನ್ನ ಅಂಗಡಿಗೆ ಬರುವವರೆಲ್ಲ ಹೇಳುವುದು ಒಂದೇ ಮಾತು: 'ಸುಮ್‌ಸುಮ್ನೆ ಬಂದ್ ಆಗ್ತದೆ.' ಶಿರಸಿಯಲ್ಲಿ ಕೂತು ಇಷ್ಟು ವರ್ಷ ಕಂಪ್ಯೂಟರ್ ಬಿಚ್ಚಿ ಜೋಡಿಸಿದ್ದೇನೆ, ಸುಮ್ನೆ ಬಂದ್ ಆಗುವುದನ್ನು ನಾನಂತೂ ಕಂಡಿಲ್ಲ. ಎರಡು ತೊಂದರೆ ಒಂದರೊಳಗೊಂದು ಸೇರಿಕೊಂಡು ಲೆಕ್ಕ ತಪ್ಪಿಸುವುದನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಶಿವರಾತ್ರಿ ಮುಗಿದ ವಾರ ಬಂದ ಹುಡುಗನದ್ದು ಅದೇ ಕತೆ. ಕುಮಟಾ ರಸ್ತೆಯಲ್ಲಿ ಸ್ವಲ್ಪ ಒಳಗೆ ಹೋದರೆ ಅವನ ಮನೆ, ಸುತ್ತ ಅಡಿಕೆ ತೋಟ. ಬಿಡಿಭಾಗ ಎಲ್ಲ ಆನ್‌ಲೈನ್‌ನಲ್ಲಿ ತರಿಸಿ, ವಿಡಿಯೋ ನೋಡಿ ತಾನೇ ಜೋಡಿಸಿದ್ದ. ವೈರು ಕಟ್ಟಿದ್ದು ನನಗಿಂತ ಅಚ್ಚುಕಟ್ಟು. ರೈಜನ್ 7600 ಪ್ರೊಸೆಸರ್, ಒಳ್ಳೇ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ನಾಲ್ಕು ರ‍್ಯಾಮ್.

'ಗ್ರಾಫಿಕ್ಸ್ ಕಾರ್ಡೇ ಹೋಗಿದೆ ಅಣ್ಣ, ವಾಪಸ್ ಕಳಿಸೂದೇ' ಅಂದ. ಎಲ್ಲರ ಅನುಮಾನವೂ ಮೊದಲು ಅದರ ಮೇಲೇ. ಜಾಸ್ತಿ ದುಡ್ಡು ಸುರಿದದ್ದು ಅದಕ್ಕೇ ಅಲ್ವಾ.

'ತಮಾ, ಬಂದ್ ಆಗೂ ಹೊತ್ತಿಗೆ ಎಂತ ಕಾಣ್ತದೆ?' ಅಂತ ಕೇಳಿದೆ. ಒಮ್ಮೊಮ್ಮೆ ನೀಲಿ ಸ್ಕ್ರೀನ್, ಒಮ್ಮೊಮ್ಮೆ ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್, ಒಮ್ಮೊಮ್ಮೆ ಫಟ್ ಅಂತ ಪೂರ್ತಿ ಆಫ್. ಅವನಿಗೆ ಮೂರೂ ಒಂದೇ. ನನಗಲ್ಲ. ನೀಲಿ ಸ್ಕ್ರೀನ್ ಬಂತು ಅಂದರೆ ಬೀಳುವ ಮೊದಲು ಎರಡು ಮಾತು ಹೇಳಲು ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿದೆ. ಫಟ್ ಅಂತ ಆಫ್ ಆದರೆ ಅದೂ ಇಲ್ಲ. ಆಗ ಕರೆಂಟು ಬರುವ ದಾರಿಯನ್ನೂ ಬಿಸಿಯನ್ನೂ ನೋಡಬೇಕು. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆಗೆದರೆ 'ಕರ್ನಲ್-ಪವರ್ 41' ಅಂತ ಕೆಂಪು ಸಾಲು ಕಾಣುತ್ತದೆ, ಹುಡುಗರು ಅದನ್ನು ಹಿಡಿದುಕೊಂಡು ಪವರ್ ಸಪ್ಲೈಯನ್ನೇ ಬದಲಾಯಿಸಿಬಿಡುತ್ತಾರೆ. ವಿಂಡೋಸ್ ಸರಿಯಾಗಿ ಮುಚ್ಚಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಯಾಕೆ ಅನ್ನುವುದು ಅದಕ್ಕೂ ಗೊತ್ತಿಲ್ಲ.

ಬಿಸಿ ನೋಡಿದೆ, ಪರವಾಗಿರಲಿಲ್ಲ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದ. (ತೆಗೆಯದೇ ಕೂರಿಸಿದ ಇಬ್ಬರನ್ನು ಕಂಡಿದ್ದೇನೆ, ನಗಬೇಡಿ.) ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಆಗಿದ್ದರೆ ಮೊದಲು ಬಯಾಸ್ (ವಿಂಡೋಸ್‌ಗೂ ಮೊದಲು ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡುತ್ತಿದ್ದೆ. ಅವಕ್ಕೆ ವೋಲ್ಟೇಜ್ ಜಾಸ್ತಿ ಹೋಗುತ್ತಿದೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡು ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆ, ಬಯಾಸ್ ಜೊತೆ ಬರುತ್ತದೆ) ಕೊಟ್ಟಿದೆ. ಇಲ್ಲಿ ಆ ಮಾತಿಲ್ಲ.

ಉಳಿದದ್ದು ರ‍್ಯಾಮ್. ಎರಡೆರಡರ ಎರಡು ಪ್ಯಾಕೆಟ್ ತರಿಸಿ ನಾಲ್ಕೂ ಸ್ಲಾಟ್ ತುಂಬಿದ್ದ. ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲವಂತೆ. ಮೇಲಿಂದ ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್) ಆನ್ ಮಾಡಿ 6000ದ ವೇಗದಲ್ಲಿ ಓಡಿಸುತ್ತಿದ್ದ. ಈ ಪ್ರೊಸೆಸರ್‌ಗೆ ಅದನ್ನು ಮಾಡುವ ಎಎಂಡಿ ಕಂಪನಿ ಹೇಳುವ ವೇಗ ಎರಡು ರ‍್ಯಾಮ್ ಇದ್ದರೆ 5200, ನಾಲ್ಕಿದ್ದರೆ ಬರೀ 3600. ಎರಡನ್ನು 6000ಕ್ಕೆ ಓಡಿಸುವುದು ಸಾಮಾನ್ಯವಾಗಿ ನಡೆಯುತ್ತದೆ. ನಾಲ್ಕು ಹಾಕಿದಾಗ ಅದೇ ವೇಗ ಎಳೆಯಲು ಒದ್ದಾಡುತ್ತದೆ. ಮಾಡೆಲ್ ಒಂದೇ ಆದರೂ ಎರಡು ಪ್ಯಾಕೆಟ್‌ಗಳನ್ನು ಒಟ್ಟಿಗೆ ಪರೀಕ್ಷಿಸಿ ಕಳಿಸಿರುವುದಿಲ್ಲ.

ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿದೆ. ಇದು ವಿಂಡೋಸ್ ಇಲ್ಲದೇ ಓಡುತ್ತದೆ, ಹಾಗಾಗಿ ಡ್ರೈವರ್ ಮೇಲೆ ತಪ್ಪು ಹೊರಿಸುವಂತಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಪರದೆ ತುಂಬ ಕೆಂಪು ಸಾಲು. ಎರಡು ರ‍್ಯಾಮ್ ಕಿತ್ತು, ಉಳಿದೆರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕಿದೆ. ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಪರದೆ ಕಪ್ಪು. ಹುಡುಗ ಗಾಬರಿಯಾದ. ರ‍್ಯಾಮ್ ಬದಲಾದಾಗ ಇಂಥ ಬೋರ್ಡ್ ಅದರ ಜೊತೆ ಹೊಂದಿಕೊಳ್ಳಲು ಅಷ್ಟು ಹೊತ್ತು ತಗೊಳ್ಳುತ್ತದೆ, ಅವಸರಕ್ಕೆ ಬಿದ್ದು ಸ್ವಿಚ್ ತೆಗೆಯಬಾರದು. ರಾತ್ರಿಯಿಡೀ ನಾಲ್ಕು ಸುತ್ತು ಟೆಸ್ಟ್ ಆಯ್ತು, ಒಂದೂ ತಪ್ಪಿಲ್ಲ. ಮರುದಿನ ಗೇಮ್ ಹಚ್ಚಿ ಸಂಜೆವರೆಗೆ ಬಿಟ್ಟೆ. ಅಲುಗಲಿಲ್ಲ.

ಎರಡು ದಿನಕ್ಕೆ ಫೋನ್: 'ಅಣ್ಣ, ಮತ್ತೆ ಆಫ್ ಆಯ್ತು.'

ನೀಲಿ ಸ್ಕ್ರೀನ್ ಬಂತಾ ಅಂದರೆ ಇಲ್ಲವಂತೆ, ಈಗ ಬರೀ ಫಟ್. ಅಂದರೆ ಒಂದು ಕಾಯಿಲೆ ಹೋಗಿದೆ, ಇನ್ನೊಂದು ಉಳಿದಿದೆ. ಅಂಗಡಿಯಲ್ಲಿ ಬರದ್ದು ಮನೆಯಲ್ಲಿ ಬರುತ್ತದೆ ಅಂದರೆ ಮನೆಯನ್ನೇ ನೋಡಬೇಕು. ಬೈಕ್ ತೆಗೆದೆ.

ಸಂಜೆ ಏಳರ ಹೊತ್ತು. ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿ ಗೇಮ್ ಶುರು ಮಾಡಿದ. ಅವನ ಅಪ್ಪ ಜಗಲಿಯಲ್ಲಿ ಕವಳ ಹಾಕಿ ಎದ್ದು, ತೋಟಕ್ಕೆ ನೀರು ಬಿಡಲು ಪಂಪ್ ಹಚ್ಚಿದರು. ಬಲ್ಬು ಒಮ್ಮೆ ಮಂಕಾಯ್ತು. ಮೇಜಿನ ಕೆಳಗಿಂದ ಯುಪಿಎಸ್ ಕೀಂ ಅಂತ ಒಂದೇ ಸಮನೆ ಕೂಗಿತು. ಕಂಪ್ಯೂಟರ್ ಆಫ್.

'ನೋಡಿದ್ರಾ? ಸುಮ್ನೇ!' ಅಂದ. ಇಷ್ಟು ದಿನ ಆ ಕೂಗು ಅವನಿಗೆ ಕೇಳಿರಲೇ ಇಲ್ಲ.

ಪಂಪಿನ ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಮನೆಯ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಹಾರುತ್ತದೆ. ಆ ಯುಪಿಎಸ್ ಮೇಲೆ ದೊಡ್ಡದಾಗಿ 600 ವಿಎ ಅಂತ ಇತ್ತು, ಹಿಂದೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್, ಅದು ನಿಜವಾಗಿ ಹೊರುವ ಲೋಡು ಅಷ್ಟೇ. ಗೇಮ್ ಆಡುವಾಗ ಈ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಅದಕ್ಕಿಂತ ಜಾಸ್ತಿ ಬೇಡುತ್ತವೆ. ಬ್ರೌಸಿಂಗ್ ಮಾಡುವಾಗ ನೂರರ ಆಸುಪಾಸು, ಹಾಗಾಗಿ ಕರೆಂಟ್ ಹೋದರೂ ಆರಾಮ ನಡೆಯುತ್ತಿತ್ತು. ಅದಕ್ಕೇ ಯುಪಿಎಸ್ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಬರೀ ಡೆಸ್ಕ್‌ಟಾಪ್ ಇಟ್ಟು ಯುಪಿಎಸ್ ಪ್ಲಗ್ ಗೋಡೆಯಿಂದ ಕಿತ್ತೆ, ಕಂಪ್ಯೂಟರ್ ನಡೆಯುತ್ತಲೇ ಇತ್ತು. ಮತ್ತೆ ಚುಚ್ಚಿ, ಗೇಮ್ ಓಡುತ್ತಿರುವಾಗ ಕಿತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು. ನೀವೂ ಮಾಡಿ ನೋಡಬಹುದು, ಆದರೆ ಮೊದಲು ಎಲ್ಲ ಫೈಲ್ ಸೇವ್ ಮಾಡಿ ಮುಚ್ಚಿ.

ತಮಾಷೆ ಅಂದರೆ ಅವನ ಪವರ್ ಸಪ್ಲೈ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿತ್ತು. ಆ ಸಣ್ಣ ಕುಸಿತವನ್ನು ಅದು ಪ್ರಾಯಶಃ ತಾನೇ ತಡೆದುಕೊಳ್ಳುತ್ತಿತ್ತು. ಕಾಪಾಡಲು ಇಟ್ಟ ಯುಪಿಎಸ್ಸೇ ಕೈ ಕೊಟ್ಟಿದ್ದು. ಹಾಗಂತ ಕಿತ್ತು ಬಿಸಾಡಿ ಅನ್ನಲಾರೆ, ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ. ಲೋಡಿಗೆ ತಕ್ಕದ್ದು ತಗೊಳ್ಳಿ, ವಿಎ ಬಿಟ್ಟು ವ್ಯಾಟ್ ನೋಡಿ, ಮೇಲೆ ಕಾಲು ಭಾಗ ಜಾಸ್ತಿ ಇರಲಿ.

ಹುಡುಗ ತೆಗೆದ ಎರಡು ರ‍್ಯಾಮ್ ಮಾರಿ ಆ ದುಡ್ಡನ್ನು ದೊಡ್ಡ ಯುಪಿಎಸ್ಸಿಗೆ ಹಾಕಿದ. ಹಳೇದು ಈಗ ಜಗಲಿಯಲ್ಲಿದೆ, ವೈಫೈ ರೂಟರ್ ಹೊತ್ತುಕೊಂಡು.