ಹನಿ ಹನಿಯಾಗಿ ಹಾಕಿ ಅಂದರೆ ಹನಿ ಹನಿಯಾಗಿಯೇ

ಕೊಟ್ಟ ಲವಣ ಯಾವುದೆಂದು ಪತ್ತೆ ಹಚ್ಚುವ ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಹತ್ತಿರ ಬಂತೆಂದರೆ ನಮ್ಮ ಲ್ಯಾಬ್‌ನಲ್ಲಿ ಒಂದೇ ಮಾತು: "ಸರ್, ಏನೂ ಬರ್ಲಿಲ್ಲ." ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಹಾಕಿದೆ ಅಂತ ಕೇಳಿದರೆ "ಸ್ವಲ್ಪ ಸರ್" ಅನ್ನುತ್ತಾರೆ. ಟ್ಯೂಬ್ ನೋಡಿದರೆ ಅರ್ಧಕ್ಕಿಂತ ಮೇಲೆ ತುಂಬಿರುತ್ತದೆ.

ತಾಮ್ರ, ಕಬ್ಬಿಣದ ಲವಣ ಸಿಕ್ಕರೆ ಈ ಅವಸರ ನಡೆದುಹೋಗುತ್ತದೆ, ಬಣ್ಣದ ಪ್ರಕ್ಷೇಪ, ಅಂದರೆ ದ್ರಾವಣದಲ್ಲಿ ಕರಗದೆ ಬೇರೆಯಾಗುವ ಘನ ವಸ್ತು, ಕಣ್ಣಿಗೆ ಹೊಡೆಯುವ ಹಾಗೆ ಕೂತಿರುತ್ತದೆ. ಅಲ್ಯುಮಿನಿಯಂ, ಸತು, ಸೀಸ ಹಾಗಲ್ಲ. ಮೊದಲ ಕೆಲವು ಹನಿಗೆ ಬಿಳಿ ಪ್ರಕ್ಷೇಪ ಬರುತ್ತದೆ, ಹೈಡ್ರಾಕ್ಸೈಡ್ ಜಾಸ್ತಿಯಾದರೆ ಅದೇ ಕರಗುತ್ತದೆ. ಬಂದದ್ದೂ ಸುಳಿವು, ಕರಗಿದ್ದೂ ಸುಳಿವು. ಒಂದೇ ಸಲ ಸುರಿದರೆ ಎರಡೂ ತಪ್ಪಿಹೋಗಿ ತಿಳಿಯಾದ ನೀರು ಕಾಣುತ್ತದೆ, ಮಕ್ಕಳು ಅಮೋನಿಯಂ ಲವಣ ಅಂತ ಬರೆದುಬಿಡುತ್ತಾರೆ! ಒಂದು ಹನಿ ಹಾಕಿ, ಅಲ್ಲಾಡಿಸಿ, ನೋಡಿ. ಮತ್ತೊಂದು ಹನಿ, ಮತ್ತೆ ನೋಡಿ. ಅಲ್ಯುಮಿನಿಯಂನದು ತೆಳು ಗಂಜಿಯ ಹಾಗೆ, ಬೆಳಕಿಗೆ ಹಿಡಿದರೆ ಕಾಣದೇ ಹೋಗಬಹುದು. ಟ್ಯೂಬನ್ನು ಮೇಜಿನ ಕಪ್ಪು ಕಡಪ ಕಲ್ಲಿನ ಎದುರು ಹಿಡಿಯಿರಿ.

ಹೋದ ವರ್ಷ ಒಬ್ಬ ಹುಡುಗಿ ಹೀಗೇ ಸುರಿದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಚೆಲ್ಲಬೇಡಮ್ಮ ಅಂದೆ. ಅದರಲ್ಲೇ ಸ್ವಲ್ಪ ಬೇರೆ ಟ್ಯೂಬಿಗೆ ತೆಗೆದು ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹನಿ ಹನಿಯಾಗಿ ಹಾಕಿಸಿದೆ. ಹೆಚ್ಚಾದ ಹೈಡ್ರಾಕ್ಸೈಡ್ ಮುಗಿಯುತ್ತಿದ್ದ ಹಾಗೆ ಮೋಡದಂತೆ ಬಿಳಿ ಕಾಣಿಸಿತು. ಖುಷಿಯಲ್ಲಿ ಇನ್ನಷ್ಟು ಆಮ್ಲ ಹಾಕಿದಳು, ಮತ್ತೆ ಕರಗಿತು. ಈ ಪ್ರಕ್ಷೇಪ ಆಮ್ಲದಲ್ಲೂ ಕರಗುತ್ತದೆ, ಸೋಡಿಯಂ ಹೈಡ್ರಾಕ್ಸೈಡ್‌ನಂಥ ಪ್ರಬಲ ಪ್ರತ್ಯಾಮ್ಲದಲ್ಲೂ ಕರಗುತ್ತದೆ. ಮೂರನೇ ಸಲ ಅವಳ ಕೈ ನಿಧಾನವಾಯಿತು. ಕೊಟ್ಟಿದ್ದ ಲವಣ ಪಟಿಕ. "ನಮ್ಮಜ್ಜಿ ಕೆಸರು ನೀರಿಗೆ ಹಾಕ್ತಾರಲ್ಲ ಸರ್, ಅದೇನಾ?" ಅಂದಳು. ಅದೇ. ಕೊಡದಲ್ಲಿ ಕೆಸರನ್ನು ಹಿಡಿದು ತಳಕ್ಕೆ ಎಳೆಯುವುದೂ ಇದೇ ಗಂಜಿಯಂಥ ಅಲ್ಯುಮಿನಿಯಂ ಹೈಡ್ರಾಕ್ಸೈಡ್.

ಹಾಗಂತ ಬಿಳಿ ಬಂದು ಕರಗಿದ ಕೂಡಲೇ ಅಲ್ಯುಮಿನಿಯಂ ಅಂತ ಬರೆಯಬೇಡಿ. ಮೂಲ ದ್ರಾವಣ ಹೊಸದಾಗಿ ತೆಗೆದುಕೊಂಡು ಅಮೋನಿಯಾ ಹಾಕಿ, ಇದನ್ನೂ ಹನಿ ಹನಿಯಾಗಿಯೇ. ಸತುವಿನ ಪ್ರಕ್ಷೇಪ ಹೆಚ್ಚಿನ ಅಮೋನಿಯಾದಲ್ಲಿ ಕರಗುತ್ತದೆ, ಅಲ್ಯುಮಿನಿಯಂನದು ಸಾಮಾನ್ಯವಾಗಿ ಉಳಿಯುತ್ತದೆ. ಸೀಸದ್ದೂ ಉಳಿಯುತ್ತದೆ, ಆದ್ದರಿಂದ ಇನ್ನೊಂದು ಟ್ಯೂಬಿನಲ್ಲಿ ಪೊಟ್ಯಾಸಿಯಂ ಅಯೋಡೈಡ್ ಹಾಕಿ ನೋಡಿ, ಸೀಸವಾದರೆ ಅರಿಶಿನದಂಥ ಹಳದಿ ಬರುತ್ತದೆ.