ನಿಜ ಹೇಳಿದರೂ ನ್ಯಾಯಾಂಗ ನಿಂದನೆಯೇ?

ಕೋರ್ಟಿನ ಆದೇಶ ಪಾಲಿಸದಿರುವುದು ಸಿವಿಲ್ ನ್ಯಾಯಾಂಗ ನಿಂದನೆ. ಅದರ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರಿರುವುದು ಕ್ರಿಮಿನಲ್ ನಿಂದನೆಯ ಒಂದು ಬಗೆಯ ಕುರಿತು: ನ್ಯಾಯಾಲಯದ ಹೆಸರಿಗೆ ಮಸಿ ಬಳಿಯುವ ಮಾತು ಅಥವಾ ಬರಹ. ಯಾವುದು ಮಸಿ, ಯಾವುದು ಟೀಕೆ ಎಂದು ತೀರ್ಮಾನಿಸುವುದೂ ನ್ಯಾಯಾಲಯವೇ.

ಇದರ ಬೇರು 1765ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ವಿಲ್ಮಟ್ ಬರೆದಿಟ್ಟು, ಎಂದೂ ಓದಿ ಹೇಳದ ತೀರ್ಪಿನಲ್ಲಿದೆ. ಈ ಅಪರಾಧ ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿದೆ, ಕಪ್ಪುಜನರ ಸಣ್ಣ ವಸಾಹತುಗಳಿಗೆ ಬೇಕಾಗಬಹುದು ಎಂದು 1899ರಲ್ಲಿ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿತು. ಇಂಗ್ಲೆಂಡ್ 2013ರಲ್ಲಿ ಅದನ್ನು ಕಾನೂನಿನಿಂದಲೇ ತೆಗೆದುಹಾಕಿತು. 1926, 1952, 1971ರ ನ್ಯಾಯಾಂಗ ನಿಂದನೆ ಕಾಯ್ದೆಗಳನ್ನು ದಾಟಿ ಅದು ನಮ್ಮಲ್ಲಿ ಉಳಿದುಕೊಂಡಿದೆ.

ನ್ಯಾಯಾಧೀಶರಲ್ಲಿ ವರ್ಗದ್ವೇಷವಿದೆ ಎಂದು 1967ರಲ್ಲಿ ಹೇಳಿದ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರಿಗೆ ಹೈಕೋರ್ಟ್ 1,000 ರೂಪಾಯಿ ದಂಡ ಹಾಕಿತು. ಸುಪ್ರೀಂ ಕೋರ್ಟ್ ದಂಡವನ್ನು 50 ರೂಪಾಯಿಗೆ ಇಳಿಸಿತೇ ಹೊರತು ತಪ್ಪಿತಸ್ಥರಲ್ಲ ಎನ್ನಲಿಲ್ಲ. ಸುಪ್ರೀಂ ಕೋರ್ಟ್ ಸಮಾಜಘಾತುಕರ ಆಶ್ರಯತಾಣವಾಗಿದೆ ಎಂದ ಕೇಂದ್ರ ಕಾನೂನು ಮಂತ್ರಿ ಪಿ. ಶಿವಶಂಕರ್ ಅವರ ಭಾಷಣ ಮಾತ್ರ 1988ರಲ್ಲಿ ನಿಂದನೆ ಎನಿಸಿಕೊಳ್ಳಲಿಲ್ಲ. ಎರಡು ದಶಕಗಳಲ್ಲಿ ಪೀಠದ ಸಹನೆ ಬೆಳೆದಿತ್ತು ಎಂದುಕೊಳ್ಳೋಣ.

ಅಷ್ಟಾದರೂ, ‘ನಾನು ಹೇಳಿದ್ದು ನಿಜ’ ಎಂಬ ವಾದಕ್ಕೆ ಕಾಯ್ದೆಯಲ್ಲಿ ಜಾಗವಿರಲಿಲ್ಲ. ಜಾಗ ಕೊಡಿ ಎಂದು ಸಲಹೆ ಮಾಡಿದ್ದು ಕರ್ನಾಟಕದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ. 2006ರಲ್ಲಿ 13ನೇ ಸೆಕ್ಷನ್‌ಗೆ ತಿದ್ದುಪಡಿ ಬಂತು: ಸಾರ್ವಜನಿಕ ಹಿತ ಮತ್ತು ಸದುದ್ದೇಶ ಇದ್ದರೆ ಸತ್ಯವೂ ಸಮರ್ಥನೆ. ಆದರೆ ಅವೆರಡೂ ಇವೆಯೇ ಎಂದು ಮೊದಲು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಮರುವರ್ಷವೇ ಪರೀಕ್ಷೆ ಎದುರಾಯಿತು. ಆಗಷ್ಟೇ ನಿವೃತ್ತರಾಗಿದ್ದ ಮುಖ್ಯ ನ್ಯಾಯಮೂರ್ತಿಯೊಬ್ಬರ ಆದೇಶಗಳಿಂದ ಅವರ ಮಕ್ಕಳ ವ್ಯವಹಾರಕ್ಕೆ ಲಾಭವಾಯಿತು ಎಂದು ಮಿಡ್‌ಡೇ ಪತ್ರಿಕೆ ಬರೆಯಿತು, ವ್ಯಂಗ್ಯಚಿತ್ರವನ್ನೂ ಹಾಕಿತು. ಬರೆದದ್ದು ನಿಜ ಎಂದು ಪತ್ರಕರ್ತರು ವಾದಿಸಿದರು. ದೆಹಲಿ ಹೈಕೋರ್ಟ್ ಲಕ್ಷ್ಮಣರೇಖೆ ದಾಟಿದಿರಿ ಎಂದು ನಾಲ್ವರಿಗೆ ನಾಲ್ಕು ತಿಂಗಳ ಜೈಲು ವಿಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು, ಅದೂ ಬೇರೆಯೇ ಕಾರಣಕ್ಕೆ: ಸುಪ್ರೀಂ ಕೋರ್ಟಿನ ನಿಂದನೆಗೆ ಶಿಕ್ಷಿಸುವ ಅಧಿಕಾರ ಹೈಕೋರ್ಟಿಗಿಲ್ಲ. ಬರೆದದ್ದು ನಿಜವೋ ಸುಳ್ಳೋ ಎಂಬುದನ್ನು ಹತ್ತು ವರ್ಷಗಳಲ್ಲಿ ಯಾರೂ ತೂಗಿ ನೋಡಲಿಲ್ಲ.

2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ ಎರಡು ಟ್ವೀಟ್‌ಗಳಿಗಾಗಿ ಒಂದು ರೂಪಾಯಿ ದಂಡ ಬಿತ್ತು. ಕಟ್ಟದಿದ್ದರೆ ಮೂರು ತಿಂಗಳ ಜೈಲು, ಮೂರು ವರ್ಷ ವಕೀಲಿಕೆಗೆ ತಡೆ. ಅವರ ಸಮರ್ಥನೆಯಲ್ಲಿ ಸಾರ್ವಜನಿಕ ಹಿತವೂ ಇಲ್ಲ, ಸದುದ್ದೇಶವೂ ಇಲ್ಲ ಎಂದಿತು ಪೀಠ. ಅವರ ಮೇಲೆ 2009ರ ಇನ್ನೊಂದು ಪ್ರಕರಣವೂ ಇತ್ತು. ನ್ಯಾಯಾಧೀಶರ ಭ್ರಷ್ಟಾಚಾರದ ಬಗ್ಗೆ ಸಾರ್ವಜನಿಕವಾಗಿ ಯಾವಾಗ, ಹೇಗೆ ಮಾತನಾಡಬಹುದು ಎಂಬ ಪ್ರಶ್ನೆಯನ್ನು ಅದರಲ್ಲಿ ಎತ್ತಿಕೊಂಡಿದ್ದು ಸ್ವತಃ ಸುಪ್ರೀಂ ಕೋರ್ಟ್. ವಿವರಣೆ, ಕ್ಷಮೆಯಾಚನೆ ಪಡೆದು 2022ರ ಆಗಸ್ಟ್‌ನಲ್ಲಿ ಆ ಪ್ರಕರಣವನ್ನು ಮುಗಿಸಲಾಯಿತು. ಪ್ರಶ್ನೆಗೆ ಉತ್ತರ ಬರಲಿಲ್ಲ.