ಬೂದು ಹಕ್ಕಿಯ ರೆಕ್ಕೆಯ ಮೇಲೊಂದು ಬಿಳಿ ಮಚ್ಚೆ

ಬೇಸಿಗೆಯಲ್ಲಿ ಬ್ಲ್ಯಾಕ್ ಗಿಲೆಮಾಟ್ ಎಂಬ ಕಡಲ ಹಕ್ಕಿಯನ್ನು ಗುರುತಿಸುವುದು ಕಷ್ಟವೇನಲ್ಲ. ಮೈಯೆಲ್ಲ ಕಪ್ಪು, ರೆಕ್ಕೆ ಮೇಲೆ ದೊಡ್ಡ ಬಿಳಿ ಮಚ್ಚೆ, ಕಾಲು ಕಡುಕೆಂಪು. ಬಾಯಿ ತೆರೆದರೆ ಒಳಗೂ ಅದೇ ಕೆಂಪು. ಕೂಗು ತೆಳ್ಳಗಿನ ಸಿಳ್ಳೆಯ ಹಾಗಿರುತ್ತದೆ.

ಗೊಂದಲವೆಲ್ಲ ಚಳಿಗಾಲದಲ್ಲಿ. ಮೈಯ ಕಪ್ಪು ಹೋಗಿ ಹಕ್ಕಿ ಬೂದು-ಬಿಳಿಯಾಗುತ್ತದೆ. ಹೊಸಬರು ಅದನ್ನು ಗ್ರೀಬ್ ಎಂಬ ಇನ್ನೊಂದು ನೀರುಹಕ್ಕಿ ಅಂದುಕೊಳ್ಳುವುದುಂಟು. ಆಗ ಬೇರೆಲ್ಲ ಬಿಟ್ಟು ರೆಕ್ಕೆ ನೋಡಿ. ರೆಕ್ಕೆ ಕಪ್ಪಾಗಿಯೇ ಇರುತ್ತದೆ, ಬಿಳಿ ಮಚ್ಚೆಯೂ ಹಾಗೇ ಉಳಿದಿರುತ್ತದೆ. ಮಚ್ಚೆಯ ತುಂಬ ಕಂದು ಚುಕ್ಕೆಗಳಿದ್ದರೆ ಅದು ಎಳೆಯ ಹಕ್ಕಿ. ವೆಲ್ವೆಟ್ ಸ್ಕೋಟರ್ ಬಾತಿಗೂ ರೆಕ್ಕೆಯಲ್ಲಿ ಬಿಳಿ ಇದೆ, ಆದರೆ ಅದು ಹಿಂದಿನ ಅಂಚಿನಲ್ಲಿ. ಪೆಸಿಫಿಕ್ ಕಡೆಯ ಪಿಜನ್ ಗಿಲೆಮಾಟ್‌ನ ಮಚ್ಚೆಯೊಳಗೆ ಕಪ್ಪು ಪಟ್ಟಿ ನುಗ್ಗಿರುತ್ತದೆ. ಐಸ್‌ಲ್ಯಾಂಡಿನ ಬ್ಲ್ಯಾಕ್ ಗಿಲೆಮಾಟ್‌ಗಳಲ್ಲೂ ಪಟ್ಟಿ ಕಾಣಬಹುದು. ಹಾಗಾಗಿ ಹಾರುವಾಗ ರೆಕ್ಕೆಯ ಅಡಿ ನೋಡುವುದೇ ಭದ್ರ. ಇದರದ್ದು ಬೆಳ್ಳಗಿರುತ್ತದೆ, ಪಿಜನ್ ಗಿಲೆಮಾಟ್‌ನದ್ದು ಮಸುಕು.

ಇದರ ಬಳಗದ ಹಲವು ಹಕ್ಕಿಗಳು ಮರಿ ಮಾಡಿದ ಮೇಲೆ ನಡುಗಡಲಿಗೆ ಹೋಗುತ್ತವೆ. ಇದು ಸಾಮಾನ್ಯವಾಗಿ ದಡ ಬಿಟ್ಟು ದೂರ ಹೋಗುವುದಿಲ್ಲ. ನೀರಿನೊಳಗೆ ರೆಕ್ಕೆ ಬಡಿದು ಈಜುತ್ತಾ, ತಳದ ಕಲ್ಲು, ಪಾಚಿಗಳ ನಡುವೆ ಮೀನು ಹುಡುಕುತ್ತದೆ. ಮುಳುಗಿದ ಜಾಗದಲ್ಲೇ ಬೈನಾಕ್ಯುಲರ್ ನೆಟ್ಟು ಕೂರಬೇಡಿ, ಅದು ಏಳುವುದು ಬೇರೆ ಕಡೆ.

ಗೂಡು ಬಂಡೆಗಳ ಸಂದಿಯಲ್ಲೋ ಬಂದರಿನ ಗೋಡೆಯ ತೂತಿನಲ್ಲೋ ಇರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕತ್ತಲ ಸಂದಿ ಸಿಕ್ಕರೆ ಸಾಕು. ಅಲಾಸ್ಕಾದ ಕೂಪರ್ ದ್ವೀಪದಲ್ಲಿ ಅಮೆರಿಕದ ನೌಕಾಪಡೆ ಬಿಟ್ಟುಹೋದ ಮರದ ಪೆಟ್ಟಿಗೆಗಳಲ್ಲೂ ಗೂಡು ಮಾಡಿದ್ದವು. ಪಕ್ಷಿತಜ್ಞ ಜಾರ್ಜ್ ಡಿವೋಕಿ 1975ರಿಂದ ಅಲ್ಲಿ ಇವುಗಳನ್ನೇ ಅಧ್ಯಯನ ಮಾಡುತ್ತಾ ಬಂದವರು.

ಗೂಡು ಕಣ್ಣಿಗೆ ಬೀಳದ ಮೇಲೆ ಗೂಡು ಎಣಿಸಿ ಏನು ಪ್ರಯೋಜನ, ಅಲ್ವಾ? ಅದಕ್ಕೇ ಬ್ರಿಟನ್ನಿನಲ್ಲಿ ನಾವು ಮೊಟ್ಟೆ ಇಡುವ ಮೊದಲು, ಏಪ್ರಿಲ್ ಸುಮಾರಿಗೆ, ಹಕ್ಕಿಗಳನ್ನೇ ಎಣಿಸುತ್ತೇವೆ. ಬೆಳಕು ಹರಿಯುವ ಹೊತ್ತಿಗೆ ಅವು ಗೂಡಿನ ಜಾಗದ ಕೆಳಗೆ, ನೀರಿನ ಮೇಲೆ ಸೇರಿರುತ್ತವೆ. ಗಾಳಿಯಿಲ್ಲದ ದಿನ ಹೋಗಿ, 9 ಗಂಟೆಯೊಳಗೆ ಮುಗಿಸಿ. ಆಮೇಲೆ ಚದುರಿಬಿಡುತ್ತವೆ.

ಮರಿಗಳ ಕಾಲದಲ್ಲಿ ಕೊಕ್ಕು ಗಮನಿಸಿ. ಇದೇ ಬಳಗದ ಪಫಿನ್ ಹಕ್ಕಿಯ ಹಾಗೆ ಸಾಲು ಮೀನು ತರುವುದಿಲ್ಲ. ಸಾಮಾನ್ಯವಾಗಿ ಒಂದೇ ಮೀನು, ತಲೆಯ ಹತ್ತಿರ ಕಚ್ಚಿಕೊಂಡು, ಬಾಲ ಪಕ್ಕಕ್ಕೆ ಜೋತಾಡುತ್ತಿರುತ್ತದೆ. ಮೀನು ಹಿಡಿದ ಹಕ್ಕಿ ದಡಕ್ಕೆ ಬಾರದೆ ನೀರಿನ ಮೇಲೆ ಸುಮ್ನೆ ತೇಲುತ್ತಿದ್ದರೆ, ನೀವು ಗೂಡಿಗೆ ತೀರಾ ಹತ್ತಿರ ನಿಂತಿದ್ದೀರಿ ಅಂತಲೇ ತಿಳಿಯಿರಿ. ಫೋಟೋ ಆಮೇಲೆ. ಅದು ಒಳಗೆ ಹೋಗುವಷ್ಟು ದೂರ ಮೊದಲು ಹಿಂದೆ ಸರಿಯಿರಿ.